ಗಾಳಿ ನೋಡಿ ಹೊಡೆದ ಔಷಧ

ಮಾರ್ಚ್ ತಿಂಗಳ ಮೊದಲ ವಾರ. ಇನ್ನು ಹನ್ನೆರಡು ದಿನಕ್ಕೆ ದ್ರಾಕ್ಷಿ ಕೀಳಬೇಕಿತ್ತು. ವ್ಯಾಪಾರಿ ಬಂದು ಗೊನೆ ಮುಟ್ಟಿ ನೋಡಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ ಹೋಗಿದ್ದ. ಆ ದಿನ ಬೆಳಿಗ್ಗೆ ಗುರುಬಾಯಿ ತನ್ನ ದ್ರಾಕ್ಷಿ ಬಾಗಕ್ಕೆ ಹೋದಾಗ ಎಲ್ಲ ನೆಟ್ಟಗೇ ಇತ್ತು. ಹತ್ತು ಗಂಟೆಗೆ ಬಿಸಿಲು ಏರಿತು ನೋಡಿ, ಬಾಂಧಿನ, ಅಂದರೆ ಬದುವಿನ, ಕಡೆಯ ಸಾಲುಗಳ ಎಲೆ ಮೊದಲು ಜೋತುಬಿದ್ದವು. ನೀರು ಸಾಲಲಿಲ್ಲವೇನೋ ಎಂದು ಅವಳು ಡ್ರಿಪ್ ಚಾಲೂ ಮಾಡಿದಳು. ಅರ್ಧ ತಾಸು ನೀರು ಹರಿಯಿತು, ಎಲೆ ಮಾತ್ರ ಇನ್ನಷ್ಟು ಬಾಡಿತು. ಆಗ ಬಗ್ಗಿ ಬುಡ ನೋಡಿದಳು.

ನೆಲದಿಂದ ಒಂದೂವರೆ ಗೇಣು ಮೇಲೆ ಕಾಂಡ ಕಡಿದು ಹಾಕಿದ್ದರು. ಮೇಲಿನ ಬಳ್ಳಿ ತಂತಿಗೆ ಕಟ್ಟಿದ್ದರಿಂದ ಬೀಳದೆ ನಿಂತಿತ್ತು, ಅಷ್ಟೇ. ಒಂದು ಸಾಲು ಮುಗಿಯಿತು, ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಕೊನೆಯ ಸಾಲಿನವರೆಗೂ ಹಾಗೇ, ಒಟ್ಟು ಮುನ್ನೂರ ಹತ್ತು ಬಳ್ಳಿ. ಏಳು ವರ್ಷ ಕೂಸಿನಂತೆ ಸಾಕಿದ ಬಾಗ. ಗುರುಬಾಯಿ ಅಳಲಿಲ್ಲ. ಕೂತು ಆ ಏಟುಗಳನ್ನು ನೋಡಿದಳು.

ಕಬ್ಬು ಕಡಿಯುವ ಮಚ್ಚು ಕೊಯತಾದ ಏಟು. ಬಲಗೈಯವನು ಸಾಲಿನಲ್ಲಿ ನಿಂತು ಹೊಡೆದರೆ ಕಡಿತದ ಇಳಿಜಾರು ಒಂದು ಕಡೆಗೆ ಬರುತ್ತದೆ, ಎಡಗೈಯವನು ಹೊಡೆದರೆ ಇನ್ನೊಂದು ಕಡೆಗೆ. ಮೂವತ್ತು ವರ್ಷ ಕಬ್ಬು ಕಡಿದ ಹೆಂಗಸಿಗೆ ಇದನ್ನು ಯಾರು ಹೇಳಿಕೊಡಬೇಕು? ಮುನ್ನೂರ ಹತ್ತೂ ಎಡಗೈ ಏಟು. ಅಕ್ಕಲಕೋಟದಿಂದ ಒಂಬತ್ತು ಕಿಲೋಮೀಟರ್ ದೂರದ ಆ ಹಳ್ಳಿಯಲ್ಲಿ ಎಡಗೈಯಲ್ಲಿ ಕೊಯತಾ ಹಿಡಿಯುವವನು ಅಂದರೆ ಅವಳಿಗೆ ನೆನಪಾದವನು ಒಬ್ಬನೇ, ಬಾಂಧಿನಾಚೆಯ ಕಲ್ಲಣ್ಣ. ಗುರುಬಾಯಿಯ ಗಂಡ ಸಾತಲಿಂಗಪ್ಪನ ಚಿಕ್ಕಪ್ಪನ ಮಗ. ಬಾಂಧ ಒತ್ತಿದ ಜಗಳದಲ್ಲಿ ದೀಪಾವಳಿ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತು, ಹತ್ತು ಮಂದಿಯ ಎದುರಿಗೆ, "ಈ ಸಲ ಇವರ ಬಾಗದಾಗ ಹಣ್ಣ ಹೆಂಗ ಬರತೈತಿ ನಾನೂ ನೋಡ್ತೀನಿ" ಅಂದಿದ್ದ.

ಸಾತಲಿಂಗಪ್ಪ ಠಾಣೆಗೆ ಹೋದ. ನಾಳೆ ಬರುತ್ತೇವೆ ಅಂದರು. ನಾಳೆಯವರೆಗೆ ಕೈಕಟ್ಟಿ ಕೂರುವ ಹೆಣ್ಣೇ ಅವಳು? ಕಡಿದ ಬಾಯಿಗೆ ಬಿಸಿಲು ಹೊಡೆದರೆ, ರೋಗ ಹೊಕ್ಕರೆ, ಬುಡವೂ ಸಾಯುತ್ತದೆ. ಬುಡ ಬದುಕಿದರೆ ಎರಡು ವರ್ಷಕ್ಕಾದರೂ ಬಾಗ ಎದ್ದೀತು. ಅವಳು ನಾಲ್ಕು ಆಳು ಹೆಂಗಸರನ್ನು ಕರೆದಳು, ಗರಗಸ ತಗೊಂಡಳು, ಒಂದೊಂದೇ ಕೊರಡನ್ನು ಎರಡು ಬೆರಳು ಕೆಳಗೆ ಸಮನಾಗಿ ಕೊಯ್ದು, ಮೈಲುತುತ್ತ ಸುಣ್ಣ ಕಲಸಿದ ನೀಲಿ ಲೇಪ ಬಳಿದಳು. ಮೇಲಿನ ಬಳ್ಳಿಗಳನ್ನು ತಂತಿಯಿಂದ ಬಿಡಿಸಿ, ಪ್ರತಿವರ್ಷ ಮಾಡುವಂತೆ ಯಂತ್ರಕ್ಕೆ ಹಾಕಿ ಪುಡಿಮಾಡಿಸಿ ಸಾಲಿಗೆ ಹೊದಿಸಿದಳು. ಮರುದಿನ ಹನ್ನೊಂದಕ್ಕೆ ಹವಾಲ್ದಾರ ಕೈಲಾಸ ಬಂದಾಗ ಬಾಗ ಗುಡಿಸಿ ಸಾರಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು.

ಕೈಲಾಸ ಅರ್ಧ ಮರಾಠಿ, ಅರ್ಧ ಕನ್ನಡದ ಮನುಷ್ಯ. ಒಂದು ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬಾಯಿ, ಇದು ಗರಗಸದ ಗುರುತು. ಕೊಯತಾ ಎಲ್ಲೈತಿ?"

"ಕೊಯತಾದ ಗುರುತಿನ ಮ್ಯಾಲೇ ಗರಗಸ ಹಾಕೀನ್ರಿ. ಇಲ್ಲಾಂದ್ರ ಬುಡ ಕೊಳಿತಿತ್ತು."

"ಗರಗಸ ಯಾರದು?"

"ನಂದ."

ಕೈಲಾಸ ನಿಟ್ಟುಸಿರು ಬಿಟ್ಟು ಪಂಚನಾಮ ಬರೆದ. ಜಪ್ತಿ ಮಾಡಿದ ಹತ್ಯಾರು: ಗರಗಸ ಒಂದು, ಫಿರ್ಯಾದಿಯ ಮನೆಯದು.

ಗುರುಬಾಯಿಯ ಸೊಸೆ ಶೀತಲ ಆ ಎರಡು ದಿನ ಸೊಲ್ಲಾಪುರದ ತವರಿನಲ್ಲಿದ್ದಳು. ಚಾದರು ವ್ಯಾಪಾರಿಯ ಮಗಳು, ವಕೀಲಿ ಓದಿದವಳು. ವಾರಕ್ಕೆ ನಾಲ್ಕು ದಿನ ಕರಿ ಕೋಟು ಹಾಕಿಕೊಂಡು ಸ್ಕೂಟಿಯಲ್ಲಿ ಅಕ್ಕಲಕೋಟದ ಕೋರ್ಟಿಗೆ ಹೋಗಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಕ್ಕೆ ಹೋಗಿ ನೋಡಿ, ತಲೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತಿ, ಯಾಕ ಕೊಯ್ದ್ರಿ? ಅದು ಪುರಾವಾ ಇತ್ತರಿ."

"ಪುರಾವಾ ಅಲ್ಲ, ಗಿಡ ಇತ್ತು" ಅಂದಳು ಗುರುಬಾಯಿ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ.

"ಒಂದು ಫೋಟೋ ಆದರೂ ತಗದೀರೇನು?"

ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಟಾವೆಲ್ ಮಗ್ಗದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಮಗ ಯುವರಾಜ ತಾಟಿನ ಮೇಲಿನಿಂದ ತಲೆ ಎತ್ತಲಿಲ್ಲ. "ತಗದೀನಿ. ಸ್ಟೇಟಸ್‌ಗೆ ಹಾಕೀನಿ. ಅವ್ವ ತಲಿ ಮ್ಯಾಲೆ ಕೈ ಹೊತ್ತ ಕುಂತದ್ದು, ಹಿಂದ ಬಾಡಿದ ಎಲಿ."

"ಬುಡದ್ದು?"

"ಬುಡ ಬಂದಿಲ್ಲ."

ಶೀತಲ ಚೊಂಬಿನ ನೀರು ಪೂರಾ ಕುಡಿದಳು. ಗುರುಬಾಯಿ ರೊಟ್ಟಿಯನ್ನು ಹೆಂಚಿನ ಮೇಲೆ ಬಡಿದಳು. "ನಾ ಕಣ್ಣಾರೆ ನೋಡೀನಿ, ಎಡಗೈ ಏಟು. ಕಲ್ಲ್ಯಾ ಧಮಕಿ ಕೊಟ್ಟದ್ದು ಊರೇ ಕೇಳೈತಿ. ಇನ್ನೇನ ಬೇಕು ನಿಮ್ಮ ಕೋರ್ಟಿಗೆ? ಒಳಗ ಹಾಕಂತ ಹೇಳು."

"ಅತ್ತಿ, ಕೋರ್ಟಿನಾಗ ಅವರು ನಿರ್ದೋಷಿ ಅಂತ ಹಿಡದೇ ಸುರು ಮಾಡ್ತಾರ. ಗುನ್ನಾ ಮಾಡ್ಯಾರ ಅಂತ ತೋರಿಸೋದು ನಮ್ಮ ಕಡೆಯವರ ಕೆಲಸ. ಮಾಡಿಲ್ಲ ಅಂತ ತೋರಿಸೋದು ಅವರ ಕೆಲಸ ಅಲ್ಲ."

"ನಿರ್ದೋಷಿ? ಹಂಗಾರ ಮುನ್ನೂರ ಹತ್ತು ಬಳ್ಳಿ ತಮ್ಮ ಕುತ್ತಿಗಿ ತಾವೇ ಕೊಯ್ಕೊಂಡವೇನು?"

"ಯಾರೋ ಕೊಯ್ದಾರ. ಕಾಕಾನೇ ಕೊಯ್ದಾರ ಅನ್ನಾಕ ಸಂಶೇ ಸಾಲಂಗಿಲ್ಲ. ಸಂಶೇ ಎಷ್ಟೇ ಗಟ್ಟಿ ಇದ್ದರೂ ಅದು ಪುರಾವಾ ಆಗಂಗಿಲ್ಲ. ಸ್ವಲ್ಪ ಅನುಮಾನ ಉಳೀತಂದ್ರ ಅದರ ಲಾಭ ಆರೋಪಿಗೇ."

"ಲಾಭ ಅವನಿಗೆ, ಲುಕ್ಸಾನ ನನಗ. ಚೊಲೋ ಬರದಾರ ನಿಮ್ಮ ಕಾಯ್ದೆ" ಎಂದು ಗುರುಬಾಯಿ ಸೊಸೆಯ ತಾಟಿಗೆ ಝುಣಕಾ ಸುರಿದಳು. ಇಬ್ಬರಿಗೂ ಊಟ ಸೇರಲಿಲ್ಲ.

ಗುರುಬಾಯಿಗೆ ಒಂದು ದಾರಿ ತಿಳಿದಿತ್ತು. ಮರುದಿನ ಗಂಡ ಉಣ್ಣಲು ಕೂತಾಗ ಮೆಲ್ಲಗೆ ತೆಗೆದಳು.

"ನೀವು ಅವತ್ತ ನಸುಕಿನ್ಯಾಗ ಮೋಟರ್ ಚಾಲೂ ಮಾಡಾಕ ಹೋಗಿದ್ರಿ."

"ಹೋಗಿದ್ದೆ."

"ಅವ ಕೊಯತಾ ಹಿಡಕೊಂಡು ಹೊಂಟದ್ದು ನೋಡೀನಿ ಅಂತ ಹೇಳ್ರಿ."

ಸಾತಲಿಂಗಪ್ಪ ತುತ್ತು ಕೆಳಗಿಟ್ಟ. "ನಾ ನೋಡಿಲ್ಲ."

"ನೋಡಿಲ್ಲಂತ ನನಗೂ ಗೊತ್ತೈತಿ. ಹೇಳ್ರಿ ಅಂದೆ."

"ಕೊರಳಾಗ ಲಿಂಗ ಐತಿ, ಯುವರಾಜನ ಅವ್ವ. ನೋಡಲಾರದ್ದು ನೋಡೀನಿ ಅನ್ನಂಗಿಲ್ಲ."

ಎರಡು ದಿನ ಸಾತಲಿಂಗಪ್ಪನ ಬೇಳೆ ಆಮಟಿಗೆ ತುಪ್ಪ ಬೀಳಲಿಲ್ಲ. ಮೂರನೆಯ ದಿನ ಅವನೇ ಡಬ್ಬಿ ಹುಡುಕಿ ಹಾಕಿಕೊಂಡ, ಮಾತು ಮಾತ್ರ ಬದಲಿಸಲಿಲ್ಲ. ಮಗನನ್ನು ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ. ಶೀತಲ, "ಸುಳ್ಳ ಸಾಕ್ಷಿ ಹೇಳಿದ್ರ ಮೊದಲ ಒಳಗ ಹೋಗೋರು ನೀವು" ಅಂದಳು. ಮನೆಯಲ್ಲಿ ನಾಲ್ಕು ಮಂದಿ ಇದ್ದೂ ತನ್ನ ಬೆನ್ನಿಗೆ ಯಾರೂ ಇಲ್ಲವಲ್ಲ ಎಂದು ಗುರುಬಾಯಿಯ ಹೊಟ್ಟೆ ಉರಿಯಿತು.

ಏಪ್ರಿಲ್ ಕೊನೆಗೆ ಠಾಣೆಯಿಂದ ಕಾಗದ ಬಂತು. ಮರಾಠಿಯಲ್ಲಿತ್ತು. ಶೀತಲ ಎರಡು ಸಲ ಓದಿದಳು.

"ಏನ್ ಬರದಾರ?"

"ಕೇಸು ಮುಚ್ಚಾಕ ಕೋರ್ಟಿಗೆ ಎ ಸಮರಿ ಕಳಿಸಾಕತ್ತಾರ. ಅಂದ್ರ, ಗುನ್ನಾ ಆದದ್ದು ಖರೇ, ಮಾಡಿದವರು ಮಾತ್ರ ಪತ್ತೆ ಆಗಿಲ್ಲ."

"ಪತ್ತೆ ಆಗಿಲ್ಲ? ದಿನಾ ನಮ್ಮ ಬಾಗಲ ಮುಂದಿಂದಽ ಹೋಗ್ತಾನ."

ಅವಳ ಬಾಯಿಂದ ಮಾತು ಬೀಳುವುದಕ್ಕೂ ಕಲ್ಲಣ್ಣನ ಮೋಟಾರ್‌ಸೈಕಲ್ ಓಣಿಗೆ ತಿರುಗುವುದಕ್ಕೂ ಸರಿಹೋಯಿತು. ಅವನು ವೇಗ ತಗ್ಗಿಸಿ, "ವೈನಿ, ಚಹಾ ಆತೇನ್ರಿ?" ಅಂದು, ಉತ್ತರಕ್ಕೆ ಕಾಯದೆ ಮುಂದೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅತ್ತಿಗೆ ಎನ್ನುವ ಆ ಮರ್ಯಾದೆಯ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಇವನ ಬಾಗ ನಾ ತಿನ್ನದಿದ್ದರೆ ನನ್ನ ಹೆಸರು ಗುರುಬಾಯಿಯಲ್ಲ ಅಂದುಕೊಂಡಳು.

ಆಮೇಲೆ ಅವಳು ಬದಲಾದಳು. ಬೈಗುಳ ನಿಂತಿತು. ಸಂಜೆ ಶೀತಲ ಕೋರ್ಟಿನಿಂದ ಬಂದರೆ ಚಹಾ ಮಾಡಿಕೊಟ್ಟು ಎದುರಿಗೆ ಕೂತು ಶೇಂಗಾ ಸುಲಿಯುತ್ತ, ಇವತ್ತು ಯಾವ ಕೇಸು, ಯಾರು ಗೆದ್ದರು ಎಂದು ಕೇಳತೊಡಗಿದಳು. ಸೊಸೆಗೂ ಹಿತವಾಯಿತು. ಮದುವೆಯಾಗಿ ಮೂರು ವರ್ಷದಲ್ಲಿ ಅತ್ತೆ ಅವಳ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು.

"ಅಲ್ಲ ಶೀತಲ" ಅಂದಳು ಒಂದು ಸಂಜೆ, "ನನ್ನ ಹೊಲದಾಗ ನಾ ಕಸಕ್ಕ ಬೆಂಕಿ ಹಚ್ಚೀನಿ ಅಂತ ತಿಳಕೋ. ಕಿಡಿ ಹಾರಿ ಮಂದಿ ಬಣವಿಗೆ ಹತ್ತಿತು. ಗುನ್ನಾ ಆಗತೈತೇನು?"

"ಬೇಕಂತ ಹಚ್ಚಿದ್ರ ದೊಡ್ಡ ಗುನ್ನಾ. ಹೇತು ನೋಡ್ತಾರ್ರಿ ಅತ್ತಿ. ಕೈ ಮಾಡಿದ್ದಷ್ಟೇ ಸಾಲಂಗಿಲ್ಲ, ಮನಸಿನಾಗೂ ಇರಬೇಕು."

"ಮನಸಿನಾಗಿಂದು ಜಡ್ಜಿಗೆ ಹೆಂಗ ಕಾಣತೈತಿ?"

"ಕಾಣಂಗಿಲ್ಲ. ಅದಕ್ಕಽ ನಡಾವಳಿ ನೋಡ್ತಾರ. ಮೊದಲ ಧಮಕಿ ಕೊಟ್ಟಿದ್ರೇನು, ಕದ್ದುಮುಚ್ಚಿ ಮಾಡಿದ್ರೇನು, ಆಮ್ಯಾಲೆ ಯಾರ ಮುಂದರೆ ಅಂದಾರೇನು. ಯಾವುದೂ ಇಲ್ಲಾಂದ್ರ ತಿಳೀಲಾರದ ಆತು ಅಂತ ಬಿಡ್ತಾರ."

ಗುರುಬಾಯಿ ಬುಟ್ಟಿಯಲ್ಲಿದ್ದ ಶೇಂಗಾ ಪೂರಾ ಸುಲಿದು ಮುಗಿಸಿ ಎದ್ದಳು. ಮರುದಿನ ಹೋಳಿಗೆ ಮಾಡಿ, ನಾಲ್ಕನ್ನು ತಾಟಿನಲ್ಲಿಟ್ಟು ತಾನೇ ಹೋಗಿ ಕಲ್ಲಣ್ಣನ ಹೆಂಡತಿ ಉಮಾಬಾಯಿಗೆ ಕೊಟ್ಟು ಬಂದಳು. "ಅತ್ತಿ ಮನಸ ತಿಳಿ ಮಾಡ್ಕೊಂಡ್ರು" ಎಂದು ಶೀತಲ ಗಂಡನಿಗೆ ಹೇಳಿದಳು. ಸಾತಲಿಂಗಪ್ಪನಿಗಂತೂ ಹೋದ ಜೀವ ಬಂದಂತಾಯಿತು.

ಆ ಸೀಮೆಯಲ್ಲಿ ಒಂದು ನಡೆ ಇತ್ತು, ಯಾರೂ ಕಾಗದದ ಮೇಲೆ ಬರೆದದ್ದಲ್ಲ. ಕಬ್ಬಿನ ಕಸ ಸಾಯಿಸುವ ಟು-ಫೋರ್-ಡಿ ಎಂಬ ಔಷಧ ದ್ರಾಕ್ಷಿಗೆ ವಿಷ. ಗಾಳಿಯಲ್ಲಿ ಅದರ ಹನಿ ಹಾರಿ ಬಂದರೂ ಸಾಕು, ಎಳೆ ಚಿಗುರು ಮುರುಟಿ ಹೋಗುತ್ತದೆ. ಏಪ್ರಿಲ್‌ನ ಚಾಟಣಿ, ಅಂದರೆ ಕೊಂಬೆ ಸವರುವ ಕೆಲಸ, ಆಗಿ ಬಾಗ ಚಿಗುರುವಾಗ ಹೀಗಾದರೆ ಮುಂದಿನ ವರ್ಷ ಗೊನೆಯ ಆಸೆಯೇ ಬೇಡ. ಅದಕ್ಕೇ ಅಕ್ಕಪಕ್ಕ ಒಂದು ಬಾಗ ಹಸಿರಿದ್ದರೂ ಸಾಕು, ಸುತ್ತಿನವರು ಕಬ್ಬಿನ ಕಸವನ್ನು ಕೈಯಿಂದಲೇ ಕೀಳಿಸುತ್ತಿದ್ದರು. ಇಷ್ಟು ವರ್ಷ ಗುರುಬಾಯಿಯೇ ಎಲ್ಲರ ಮನೆಗೆ ಹೋಗಿ ಇದನ್ನು ನೆನಪಿಸಿ ಬರುತ್ತಿದ್ದಳು. ಈಗ ಅವಳದು ಬರೀ ಕೊರಡು. ಕಲ್ಲಣ್ಣನ ಬಾಗ ಗೇಣುದ್ದ ಚಿಗುರಿತ್ತು. ಅದರ ಪಶ್ಚಿಮಕ್ಕೆ ಗುರುಬಾಯಿಯ ಕಬ್ಬು.

ಅಂಗಡಿಗೆ ಹೋಗಿ ಔಷಧ ತಂದಳು. ಕಬ್ಬಿಗೆ ಅಂತ ಬಿಲ್ಲು ಬರೆಸಿಕೊಂಡಳು, ಬಿಲ್ಲನ್ನು ದೇವರ ಫೋಟೋದ ಹಿಂದೆ ಇಟ್ಟಳು. ಮೇ ಹದಿನಾರರ ಮಧ್ಯಾಹ್ನ ಬ್ಯಾಟರಿ ಪಂಪು ಬೆನ್ನಿಗೇರಿಸಿ, ನಾಲ್ಕು ಮಂದಿ ಹಾದುಹೋಗುವ ದಾರಿಯ ಮಗ್ಗುಲಲ್ಲೇ ಹೊಡೆದಳು. ಐವತ್ತೆಂಟರ ಬೆನ್ನು ನೋಯುತ್ತಿತ್ತು. ಆದರೂ ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸಾಲು ಮುಗಿದಂತೆಲ್ಲ ಹಗುರಾಗುತ್ತ ಬಂತು. ಅವಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಸಂಜೆ ಯುವರಾಜ ಮನೆಯೊಳಗೆ ಕಾಲಿಟ್ಟವನೇ ಮೂಗು ಅರಳಿಸಿದ.

"ಅವ್ವ, ಟು-ಫೋರ್-ಡಿ ವಾಸನಿ ಬರಾಕತ್ತೈತಿ."

"ಕಬ್ಬಿನ್ಯಾಗ ಕಸ ಭಾಳ ಆಗಿತ್ತು. ಹೊಡದೆ."

"ಇವತ್ತ? ಇಷ್ಟು ಗಾಳ್ಯಾಗ?"

ರೊಟ್ಟಿ ಮುರಿಯುತ್ತಿದ್ದ ಶೀತಲಳ ಕೈ ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಿದಳು. ಗುರುಬಾಯಿ ಪುಂಡಿಪಲ್ಯ ಬಡಿಸುತ್ತಿದ್ದಳು.

"ಬೆಂಕಿ, ಕಿಡಿ, ಬಣವಿ" ಅಂದಳು ಶೀತಲ. "ಅತ್ತಿ, ನೀವು ನನ್ನ ಕಡೆ ಕಲತು ಮಾಡಿದ್ರಿ."

"ನಾ ಬಣವಿ ಕೇಳೀನಿ. ಔಷಧ ಕೇಳಿಲ್ಲ."

"ಬಳ್ಳಿ ಕಾಕಾ ಕಡದೇ ಇಲ್ಲಾಂದ್ರ? ಊರಾಗ ಎಡಗೈಯವರು ಇನ್ನೂ ಇಬ್ಬರದಾರ. ಒಬ್ಬ ನಿರ್ದೋಷಿಗೆ ಶಿಕ್ಷಾ ಆಗಬಾರದು ಅಂತಽ ಅಷ್ಟು ಕಟ್ಟುನಿಟ್ಟು ಇಟ್ಟಾರ."

"ನಿಮ್ಮ ಜಡ್ಜಿಗೆ ಸಂಶೇ ಇರಲಿ. ನನಗ ಇಲ್ಲ."

ಸಾತಲಿಂಗಪ್ಪ ಕೈ ತೊಳೆದು ಎದ್ದುಬಿಟ್ಟ. "ಆ ಎಳಿ ಚಿಗುರು ನಿನಗೇನ್ ಮಾಡಿತ್ತು?" ಅಂದ. ಗುರುಬಾಯಿ ಅವನು ಬಿಟ್ಟ ತಾಟು ಎತ್ತಿ ತೊಳೆಯಲು ಇಟ್ಟಳು. ಶೀತಲ ಅಂದು ಉಣ್ಣಲಿಲ್ಲ. ಅಂದಿನಿಂದ ಅತ್ತೆಯ ಕೈಯ ಚಹಾವನ್ನೂ ಮುಟ್ಟಲಿಲ್ಲ, ತಾನೇ ಮಾಡಿಕೊಂಡು ಕುಡಿದಳು.

ಐದನೆಯ ದಿನಕ್ಕೆ ಕಲ್ಲಣ್ಣನ ಬಾಗ ಔಷಧದ ಗುಣ ತೋರಿಸಿತು. ಎಲೆಗಳು ಬೀಸಣಿಕೆಯಂತೆ ನೆರಿಗೆ ಬಿದ್ದು, ಅಂಚು ಹಲ್ಲು ಹಲ್ಲಾಗಿ, ತುದಿ ಕೊಕ್ಕೆಯಾಗಿ ನಿಂತವು. ಕಲ್ಲಣ್ಣ ಅಳುತ್ತಿದ್ದನೆಂದು ಜನ ಹೇಳಿದರು. ಗುರುಬಾಯಿ ಆ ಮಾತನ್ನು ಮೂರು ಮಂದಿಯ ಬಾಯಿಂದ ಕೇಳಿಸಿಕೊಂಡಳು, ಮೂರು ಸಲವೂ "ಅಯ್ಯ ಪಾಪ" ಅಂದಳು.

ಹತ್ತನೆಯ ದಿನ ಬೆಳಿಗ್ಗೆ ಕೈಲಾಸ ಮತ್ತೆ ಬಂದ. ಹಿಂದೆ ಕಲ್ಲಣ್ಣ, ಉಮಾಬಾಯಿ. ಓಣಿಯ ಹತ್ತಾರು ಮಂದಿ ಅಂಗಳದ ಅಂಚಿಗೆ ನಿಂತರು. ಶೀತಲ ಕೋರ್ಟಿಗೆ ಹೊರಡಲು ಕೋಟು ತೋಳಿಗೆ ಹಾಕಿಕೊಂಡವಳು ಹಾಗೇ ನಿಂತಳು. ಗುರುಬಾಯಿ ಬಿಲ್ಲು ತಂದು ಕೊಟ್ಟಳು. ಕೈಲಾಸ ಓದಿದ.

"ಹಗಲ ಹೊಡದ್ರಿ, ಬಿಲ್ಲು ಐತಿ, ಸ್ವಂತ ಹೊಲ. ಬೇಕಂತ ಹೊಡದ್ರೋ, ತಿಳೀಲಾರದ ಆತೋ?"

ಗುರುಬಾಯಿ ಬಾಯಿ ತೆರೆಯುವ ಮೊದಲೇ ಕಲ್ಲಣ್ಣ ಕೈಯಾಡಿಸಿದ. ಹತ್ತು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು. ಆದರೆ ಹತ್ತು ಮಂದಿ ಎದುರಿಗೆ ಇನ್ನೊಬ್ಬರ ಕೈಲಿ ಸೋತೆ ಅನ್ನುವ ಜಾತಿ ಅಲ್ಲ ಅದು.

"ಬಿಡ್ರಿ ಸಾಹೇಬ. ಗಾಳಿ ಅಂತ ಬರಕೊಳ್ರಿ. ಹೆಣ್ಣಮಕ್ಕಳಿಗೆ ಗಾಳಿ ದಿಕ್ಕು ಎಲ್ಲಿ ತಿಳಿತೈತಿ? ವೈನಿ ಬಾಗದ ಉಸಾಬರಿ ಮಾಡತಾಳ ಖರೇ, ಅಷ್ಟ ಬುದ್ಧಿ ಇಲ್ಲ. ತಿಳೀಲಾರದ ಹೊಡದಾಳ. ನಾ ಮಾಫ್ ಮಾಡೀನಿ."

ಯಾರೋ ಕಿಸಕ್ಕನೆ ನಕ್ಕರು. ಕೈಲಾಸ ಬರೆಯಲು ಪೆನ್ನು ತೆಗೆದ. ಎಲ್ಲ ಮುಗಿದೇಹೋಗಿತ್ತು, ಗುರುಬಾಯಿ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಮಾಫಿ? ಇವನು ತನಗೆ? ಅವಳು ಮಾಡಿದ ಕೆಲಸಕ್ಕೆ ಗಾಳಿಯ ಹೆಸರು ಬರೆದುಬಿಟ್ಟರೆ ಅವಳ ಸೇಡು ಎಲ್ಲಿ ಉಳಿಯಿತು?

"ಗಾಳಿ ಅಲ್ಲ" ಅಂದಳು.

"ಅತ್ತಿ" ಎಂದು ಶೀತಲ ಮುಂದೆ ಬಂದಳು, "ಸುಮ್ಮನಿರ್ರಿ."

"ಗಾಳಿ ಅಲ್ಲ, ನಾನು. ಮಧ್ಯಾಹ್ನ ಮೂರಕ್ಕ ಪಡುವಣ ಗಾಳಿ ಏಳತೈತಿ. ಮೂರೂಕಾಲಿಗೆ ಸೆರಗ ಎತ್ತಿ ಹಿಡದು ನೋಡೀನಿ. ಸೆರಗ ನಿನ್ನ ಬಾಗದ ಕಡೆ ಹಾರಿತು. ಆಮ್ಯಾಲೆ ಪಂಪಿನ ನಳಿಗಿ ಮ್ಯಾಲೆ ಮಾಡಿ ಹೊಡದೀನಿ. ಕಬ್ಬಿನ್ಯಾಗ ಕಸಽ ಇರಲಿಲ್ಲ, ಮುಂಚಿನ ವಾರನಽ ಕೀಳಿಸಿದ್ದೆ. ನನಗ ಗಾಳಿ ತಿಳಿಯಂಗಿಲ್ಲಂತ?"

ಯುವರಾಜ ಕಂಬ ಹಿಡಿದು ನಿಂತ. ಶೀತಲ ಹವಾಲ್ದಾರನ ಕಡೆ ತಿರುಗಿ ಅವಸರದಲ್ಲಿ ಅಂದಳು, "ಸಾಹೇಬ, ಪೊಲೀಸರ ಮುಂದ ಕಬೂಲ ಮಾಡಿದ್ದು ಪುರಾವಾ ಆಗಂಗಿಲ್ಲ, ನಿಮಗಽ ಗೊತ್ತೈತಿ."

"ಗೊತ್ತೈತ್ರಿ ವಕೀಲ ಬಾಯಿ" ಎಂದು ಕೈಲಾಸ ಪೆನ್ನು ಕಿಸೆಗೆ ಸಿಕ್ಕಿಸಿದ.

ಗುರುಬಾಯಿಗೆ ಅದರ ಪರಿವೆಯೇ ಇರಲಿಲ್ಲ. ಕಲ್ಲಣ್ಣನ ಮುಂದೆ ಹೋಗಿ ನಿಂತಳು.

"ನಾ ಮಾಡಿದ್ದು ನಾ ಹೇಳಿದೆ. ಈಗ ನೀ ಹೇಳು. ನನ್ನ ಬಳ್ಳಿ ಯಾರ ಕಡದಾರ?"

ಕಲ್ಲಣ್ಣ ಹೆಂಡತಿಯ ಮುಖ ನೋಡಿದ, ಜನರ ಕಡೆ ನೋಡಿದ. ಇಲ್ಲ ಅನ್ನಬಹುದಾಗಿತ್ತು. ಒಂದೇ ಮಾತು. ಅವನು ಹವಾಲ್ದಾರನ ಕಡೆ ತಿರುಗಿದ.

"ಸಾಹೇಬ, ಇದಕ್ಕ ನಾ ಉತ್ತರ ಕೊಡಬೇಕೇನ್ರಿ?"

ಕೈಲಾಸ ಶೀತಲಳ ಕಡೆ ನೋಡಿದ. ಶೀತಲ ಅತ್ತೆಯ ಮುಖ ನೋಡಿದಳು. ಆದರೂ ಹೇಳಿದಳು.

"ಕೊಡಬೇಕಾಗಿಲ್ಲ, ಕಾಕಾ. ಸುಮ್ಮನಿರೋ ಹಕ್ಕೈತಿ ನಿಮಗ."

ಉಮಾಬಾಯಿ ಗಂಡನ ಪಕ್ಕದಿಂದ ಎರಡು ಹೆಜ್ಜೆ ಸರಿದು ನಿಂತಳು. ಗುರುಬಾಯಿ ಅದನ್ನು ನೋಡಿದಳು, ಸೊಸೆಯ ಕಡೆ ತಿರುಗಿದಳು.

"ಪೊಲೀಸರ ಮುಂದ ಹೇಳಿದ್ದು ನಡಿಯಂಗಿಲ್ಲ ಅಂದೆಲ್ಲ. ಯಾರ ಮುಂದ ಹೇಳಿದ್ರ ನಡಿತೈತಿ?"

"ಜಡ್ಜ್ ಸಾಹೇಬರ ಮುಂದ" ಅಂದಳು ಶೀತಲ, ಧ್ವನಿ ಕೆಳಗಿಳಿಸಿ. "ಬ್ಯಾಡ್ರಿ ಅತ್ತಿ. ಒಳಗ ಹೋಗ್ತೀರಿ."

"ಹೋಗ್ತೀನಿ. ಇವನ ಹಂಗ ಬಾಯಿ ಮುಚಗೊಂಡು ಓಣ್ಯಾಗ ತಿರಗ್ಯಾಡಂಗಿಲ್ಲ ನಾ."

ಅವಳು ಕಾಲು ತೊಳೆದು, ಸೆರಗು ಸರಿಪಡಿಸಿಕೊಂಡು, ಸೊಸೆಯ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. "ನಡಿ, ಕೋರ್ಟಿಗೆ ಹೊತ್ತಾಗತೈತಿ" ಅಂದಳು. ಕಲ್ಲಣ್ಣ ಅವರ ಅಂಗಳದಲ್ಲಿ ಹಾಗೇ ನಿಂತಿದ್ದ, ಸುತ್ತಲಿನವರೆಲ್ಲ ಅವನನ್ನೇ ನೋಡುತ್ತಿದ್ದರು.